ಬ್ಯಾಂಕಾಕ್‌ನಿಂದ ಸಿಂಗಾಪುರಕ್ಕೆ ರೈಲಿನಲ್ಲಿ: ಎಲ್ಲಿ ಎಡವುತ್ತಾರೆ, ಹೇಗೆ ದಾಟಬೇಕು

ದಕ್ಷಿಣ ಥಾಯ್ಲೆಂಡಿನ ಹಾಟ್ ಯಾಯ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ನನಗೆ ಫೋನ್ ಮಾಡುವವರದು ಒಂದೇ ಪ್ರಶ್ನೆ: "ಟ್ರೈನು ಹೊರಟೇ ಹೋಯ್ತು, ಈಗೇನು ಮಾಡೋದು?" ಇನ್ನು ಕೆಲವರು ಬ್ಯಾಂಕಾಕಿನಲ್ಲೇ ತಪ್ಪು ಸ್ಟೇಷನ್ನಿಗೆ ಹೋಗಿ ನಿಂತಿರುತ್ತಾರೆ. ಮತ್ತೊಬ್ಬರು ಮಲೇಷ್ಯಾದ ತುದಿಯ ಜೋಹೋರ್ ಬಾರುವರೆಗೆ ಹೋಗಿ, ಸಿಂಗಾಪುರಕ್ಕೆ ದಾಟಿಸುವ ಕೊನೆಯ ಐದು ನಿಮಿಷದ ರೈಲಿಗೆ ಟಿಕೆಟ್ ಸಿಗದೆ ಬಸ್ಸಿನ ಸಾಲಿನಲ್ಲಿ ಎರಡು ಗಂಟೆ ನಿಂತರು.

ಥಾಯ್ಲೆಂಡ್, ಮಲೇಷ್ಯಾ, ಸಿಂಗಾಪುರ: ಮೂರು ದೇಶ, ಎರಡು ಗಡಿ, ಎರಡು ಸಾವಿರ ಕಿಲೋಮೀಟರಿನ ಹತ್ತಿರ ಹಳಿ. ರೈಲು ಹತ್ತಿ ಕೂತ ಮೇಲೆ ಏನೂ ಕಷ್ಟವಿಲ್ಲ. ಕೆಡುವುದೆಲ್ಲ ಒಂದು ರೈಲಿನಿಂದ ಇನ್ನೊಂದಕ್ಕೆ ಬದಲಾಗುವ ಜಾಗದಲ್ಲಿ. ಆದ್ದರಿಂದ ಈ ಬರಹದಲ್ಲಿ ಆ ಜಾಗಗಳ ಬಗ್ಗೆಯೇ ಜಾಸ್ತಿ ಹೇಳಿದ್ದೇನೆ.

ಹಂತ 1: ಮೊದಲು ವೀಸಾ, ಆಮೇಲೆ ಟಿಕೆಟ್

ಕ್ರಮ ತಪ್ಪಿದರೆ ದುಡ್ಡು ಹೋಗುತ್ತದೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಈ ಮೂರರಲ್ಲಿ ಸಿಂಗಾಪುರಕ್ಕೆ ಮೊದಲೇ ವೀಸಾ ಬೇಕು. ಅದನ್ನು ಊರಲ್ಲಿರುವಾಗಲೇ ಮಾಡಿಸಿ. ಗಡಿಯಲ್ಲಿ ಕೊಡುವುದಿಲ್ಲ.

ಮಲೇಷ್ಯಾ ಡಿಸೆಂಬರ್ 2023ರಿಂದ ನಮಗೆ 30 ದಿನದವರೆಗೆ ವೀಸಾ ಬೇಡ ಎಂದಿದೆ. ಈ ರಿಯಾಯಿತಿ 2026ರ ಕೊನೆಯವರೆಗೆ ಎಂದು ಘೋಷಿಸಿದ್ದಾರೆ. ಥಾಯ್ಲೆಂಡ್ ಕೂಡ ಪ್ರವಾಸಿಗರಿಗೆ ವೀಸಾ ತೆಗೆದುಹಾಕಿತ್ತು. ಆದರೆ ಎಷ್ಟು ದಿನ, ಯಾರಿಗೆ ಎಂಬುದು ಆಗಾಗ ಬದಲಾಗುತ್ತಿರುತ್ತದೆ. ಟಿಕೆಟ್ ತೆಗೆಯುವ ವಾರವೇ ಆಯಾ ರಾಯಭಾರ ಕಚೇರಿಯ ಜಾಲತಾಣ ನೋಡಿ. ಹೋದ ವರ್ಷ ಹೋಗಿ ಬಂದ ಭಾವನ ಮಾತು ಇಲ್ಲಿ ಲೆಕ್ಕಕ್ಕಿಲ್ಲ.

ವೀಸಾ ಕೈಗೆ ಬಂದ ಮೇಲೆ ಈ ಕ್ರಮದಲ್ಲಿ ಟಿಕೆಟ್ ತೆಗೆಯಿರಿ: ಬ್ಯಾಂಕಾಕಿನಿಂದ ಮಲೇಷ್ಯಾ ಗಡಿಯ ಪಡಾಂಗ್ ಬೆಸಾರ್ ಊರಿಗೆ ರಾತ್ರಿ ರೈಲು, ಆಮೇಲೆ ಹೋಗಿ ಬರುವ ವಿಮಾನ, ಆಮೇಲೆ ಮಲೇಷ್ಯಾದ ಇಟಿಎಸ್ ಎಂಬ ವೇಗದ ವಿದ್ಯುತ್ ರೈಲುಗಳು, ಕೊನೆಗೆ ಸಿಂಗಾಪುರಕ್ಕೆ ದಾಟಿಸುವ ಪುಟ್ಟ ರೈಲು. ವಿಮಾನ ಮೊದಲು ತೆಗೆದವರಿಗೆ ರಾತ್ರಿ ರೈಲಿನಲ್ಲಿ ಜಾಗ ಸಿಗುವುದಿಲ್ಲ. ಯಾಕೆ ಅಂತ ಹಂತ 3ರಲ್ಲಿ ಹೇಳುತ್ತೇನೆ.

ಹಂತ 2: ಮೂರು ಆಗಮನ ಕಾರ್ಡು, ಒಂದು ಸಣ್ಣ ಬಲೆ

ಮೂರೂ ದೇಶಗಳು ಆನ್‌ಲೈನ್ ಆಗಮನ ಕಾರ್ಡು ಕೇಳುತ್ತವೆ: ಥಾಯ್ಲೆಂಡಿನದು ಟಿಡಿಎಸಿ (ಮೇ 2025ರಿಂದ), ಮಲೇಷ್ಯಾದ್ದು ಎಂಡಿಎಸಿ, ಸಿಂಗಾಪುರದ್ದು ಎಸ್‌ಜಿ ಅರೈವಲ್ ಕಾರ್ಡ್. ಮೂರನ್ನೂ ಆಯಾ ದೇಶಕ್ಕೆ ಕಾಲಿಡುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಹಾಗಾಗಿ ಊರಿನಿಂದ ತುಂಬಲು ಸಾಧ್ಯವಾಗುವುದು ಥಾಯ್ಲೆಂಡಿನದು ಮಾತ್ರ. ಉಳಿದೆರಡನ್ನು ದಾರಿಯಲ್ಲಿ ತುಂಬಬೇಕು. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಮೂರೂ ಪುಕ್ಕಟೆ. ದುಡ್ಡು ಕೇಳುವ ಪುಟ ತೆರೆದರೆ ಅದು ಸರಕಾರದ್ದಲ್ಲ, ಮುಚ್ಚಿಬಿಡಿ. ಹುಡುಕಿದಾಗ ಮೇಲೆ ಬರುವುದು ಹೆಚ್ಚಾಗಿ ಇಂಥವೇ.

ಬಲೆ ಇರುವುದು ಮಲೇಷ್ಯಾ ಕಾರ್ಡಿನ ದಿನಾಂಕದಲ್ಲಿ. ಬಹಳ ಜನ ಬ್ಯಾಂಕಾಕಿನಲ್ಲಿ ರೈಲು ಹತ್ತುವ ತಾರೀಕು ಹಾಕುತ್ತಾರೆ. ಗಡಿ ಮುಟ್ಟುವುದು ಮರುದಿನ ಬೆಳಿಗ್ಗೆ, ಹಾಕಬೇಕಾದ್ದು ಅದೇ ತಾರೀಕು. ಬರುವ ಬಗೆ ಕೇಳಿದಾಗ "ನೆಲದ ದಾರಿ" ಎಂದೇ ಆರಿಸಿ.

ಹಂತ 3: ರೈಲು ನಂಬರ್ 45, ಎರಡೇ ಬೋಗಿ

ಬ್ಯಾಂಕಾಕಿನಿಂದ ನೇರ ಗಡಿಗೆ ಹೋಗುವ ರೈಲು ದಿನಕ್ಕೆ ಒಂದೇ: ಸ್ಪೆಷಲ್ ಎಕ್ಸ್‌ಪ್ರೆಸ್ 45. ಮಧ್ಯಾಹ್ನ ನಾಲ್ಕರ ಸುಮಾರಿಗೆ ಹೊರಟು ಮರುದಿನ ಬೆಳಿಗ್ಗೆ ಎಂಟರ ಸುಮಾರಿಗೆ, ಥಾಯ್ ಸಮಯದಲ್ಲಿ, ಪಡಾಂಗ್ ಬೆಸಾರ್ ತಲುಪುತ್ತದೆ. ರೈಲು ಉದ್ದವೇ. ಆದರೆ ಗಡಿವರೆಗೆ ಹೋಗುವುದು ಎರಡೇ ಬೋಗಿ. ಉಳಿದವನ್ನು ಹಾಟ್ ಯಾಯ್‌ನಲ್ಲಿ ಕಳಚುತ್ತಾರೆ. ಎಲ್ಲರೂ ಎಡವುವುದು ಇಲ್ಲೇ.

ನಾನೂ ಎಡವಿದವನೇ. ಮೊದಲ ಸಲ ಒಬ್ಬ ಏಜೆಂಟರು "ಹಾಟ್ ಯಾಯ್‌ವರೆಗೆ ಕೊಡ್ತೀನಿ ಸಾರ್, ಎರಡೂ ಒಂದೇ" ಅಂದರು. ನಾನೂ ಹೂಂ ಅಂದೆ. ಬೆಳಿಗ್ಗೆ ಹಾಟ್ ಯಾಯ್‌ನಲ್ಲಿ ಇಳಿದು ಕಾಫಿ ಕುಡಿಯುತ್ತಾ ನಿಂತಿದ್ದೆ. ಎರಡು ಬೋಗಿ ಕಟ್ಟಿಕೊಂಡ ಎಂಜಿನ್ನು ನನ್ನ ಕಣ್ಣೆದುರೇ ಹೊರಟುಹೋಯಿತು. ಮಧ್ಯಾಹ್ನದ ಶಟಲ್ ಹಿಡಿದು ಗಡಿ ಮುಟ್ಟುವಷ್ಟರಲ್ಲಿ ಕ್ವಾಲಾಲಂಪುರದ ರೈಲೂ ಇಲ್ಲ, ಅದಕ್ಕೆ ಕೊಟ್ಟ ದುಡ್ಡೂ ಇಲ್ಲ.

ಹಾಗಾಗಿ ಥಾಯ್ ರೈಲ್ವೆಯ ಸ್ವಂತ ಟಿಕೆಟ್ ತಾಣ ಡಿ-ಟಿಕೆಟ್‌ನಲ್ಲಿ ನೀವೇ ತೆಗೆಯಿರಿ. ತಲುಪುವ ಊರು "ಪಡಾಂಗ್ ಬೆಸಾರ್" ಎಂದೇ ಇರಲಿ. ಎರಡೇ ಬೋಗಿ ಆದ್ದರಿಂದ ಬೇಗ ತುಂಬುತ್ತದೆ. ಏಪ್ರಿಲ್ ಮಧ್ಯದ ಸೊಂಗ್‌ಕ್ರಾನ್ ಹಬ್ಬದ ಹೊತ್ತಲ್ಲಂತೂ ಕೇಳಲೇಬೇಡಿ.

ಬರ್ತಿನ ವಿಷಯ. ಎರಡನೇ ದರ್ಜೆ ಎಸಿ ಸ್ಲೀಪರ್ ಸಾಕು, ಸಾವಿರ ಥಾಯ್ ಬಾತ್ ಆಸುಪಾಸು ಆಗುತ್ತದೆ. ನಮ್ಮ ರೈಲಿನ ಹಾಗೆ ಅಡ್ಡ ಕೂಪೆ ಇಲ್ಲ. ಬರ್ತುಗಳು ಓಡಾಡುವ ದಾರಿಯ ಎರಡೂ ಬದಿ ಉದ್ದಕ್ಕೆ ಇರುತ್ತವೆ, ನಮ್ಮ ಸೈಡ್ ಬರ್ತ್ ಇದ್ದ ಹಾಗೆ, ಆದರೆ ಅಗಲ ಜಾಸ್ತಿ, ಪರದೆಯೂ ಇದೆ. ಕೆಳಗಿನದಕ್ಕೆ ಸ್ವಲ್ಪ ಹೆಚ್ಚು ಕೊಟ್ಟು ತೆಗೆದುಕೊಳ್ಳಿ: ಕಿಟಕಿ ನಿಮ್ಮದು, ಜಾಗವೂ ಅಗಲ. ಮೇಲಿನದರಲ್ಲಿ ಸೀಲಿಂಗ್ ದೀಪ ರಾತ್ರಿಯಿಡೀ ಮುಖಕ್ಕೇ ಹೊಡೆಯುತ್ತದೆ.

ಹಂತ 4: ಚೀಲದಲ್ಲಿ ಏನಿರಬೇಕು, ಏನಿರಬಾರದು

ಇರಬೇಕಾದ್ದು: ಒಂದು ಶಾಲು (ಎಸಿ ಮೈ ಕೊರೆಯುತ್ತದೆ), ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ (ಮಲೇಷ್ಯಾ, ಸಿಂಗಾಪುರಕ್ಕೆ), ಪೆನ್ನು, ವೀಸಾ ಮತ್ತು ವಾಪಸು ವಿಮಾನ ಟಿಕೆಟಿನ ಕಾಗದದ ಪ್ರತಿ, ಫೋನಿನಲ್ಲಿ ಆಫ್‌ಲೈನ್ ಥಾಯ್ ಅನುವಾದ. ಮೂರು ದೇಶಕ್ಕೂ ನಡೆಯುವ ಇ-ಸಿಮ್ ಇದ್ದರೆ ಗಡಿಯಲ್ಲಿ ಪರದಾಟ ತಪ್ಪುತ್ತದೆ. ಸ್ವಲ್ಪ ಬಾತ್, ಸುಮಾರು ನೂರು ಮಲೇಷ್ಯಾ ರಿಂಗಿಟ್ ನಗದು ಮೊದಲೇ ಕೈಯಲ್ಲಿರಲಿ. ಯುಪಿಐ ನಂಬಿಕೊಂಡು ಹೋಗಬೇಡಿ.

ಇರಬಾರದ್ದು: ಇ-ಸಿಗರೇಟು, ಥಾಯ್ಲೆಂಡಿನಲ್ಲೂ ಸಿಂಗಾಪುರದಲ್ಲೂ ನಿಷೇಧ. ಗುಟ್ಕಾ, ಜರ್ದಾ, ಖೈನಿ ಸಿಂಗಾಪುರದಲ್ಲಿ ನಿಷೇಧ. ಅಲ್ಲಿಗೆ ಚೂಯಿಂಗ್ ಗಮ್ ಕೂಡ ಒಯ್ಯಬಾರದು. ನಮ್ಮವರು ಮರೆಯುವ ಇನ್ನೊಂದು ಐಟಂ ಗಸಗಸೆ. ಅದು ಅಫೀಮು ಗಿಡದ ಬೀಜ. ಸಿಂಗಾಪುರದವರು ಅದನ್ನು ಮಾದಕವಸ್ತು ಇಲಾಖೆಯ ಕಣ್ಣಿನಿಂದಲೇ ನೋಡುತ್ತಾರೆ. ಅತ್ತೆ ಕಟ್ಟಿಕೊಟ್ಟ ಸಾಗು ಪುಡಿಯಲ್ಲಿ ಗಸಗಸೆ ಇದೆಯಾ ಎಂದು ಕೇಳಿ ನೋಡಿ.

ಚಕ್ಕುಲಿ, ಕೋಡುಬಳೆ ಒಂದು ಡಬ್ಬ ಖಂಡಿತ ಇರಲಿ. ಉಪಯೋಗ ಮುಂದೆ ಬರುತ್ತದೆ.

ಹಂತ 5: ಬ್ಯಾಂಕಾಕಿನಲ್ಲಿ ಸರಿಯಾದ ಸ್ಟೇಷನ್

ಹಳೆಯ ಸ್ಟೇಷನ್ ಹುವಾ ಲಂಫೊಂಗ್. ಜನವರಿ 19, 2023ರಿಂದ ದೂರದ ರೈಲುಗಳೆಲ್ಲ ಹೊಸ ಕ್ರುಂಗ್ ತೇಪ್ ಅಪಿವತ್ ಟರ್ಮಿನಲ್‌ಗೆ ಹೋಗಿವೆ. ಹಳೆಯದೂ ಮುಚ್ಚಿಲ್ಲ, ಲೋಕಲ್ ರೈಲುಗಳು ಅಲ್ಲಿಂದಲೇ ಓಡುತ್ತವೆ. ಅದಕ್ಕೇ ಗೊಂದಲ. ಟ್ಯಾಕ್ಸಿಯವರಿಗೆ "ಸ್ಟೇಷನ್" ಅಂತಷ್ಟೇ ಹೇಳಿದರೆ ಹಳೆಯದಕ್ಕೆ ಕರೆದುಕೊಂಡು ಹೋಗಬಹುದು. "ಬಾಂಗ್ ಸೂ" ಅನ್ನಿ. ಅದಕ್ಕಿಂತ ಒಳ್ಳೆಯದು ನೀಲಿ ಗೆರೆಯ ಮೆಟ್ರೋ ಹತ್ತಿ ಬಾಂಗ್ ಸೂನಲ್ಲಿ ಇಳಿಯುವುದು.

ಒಂದು ಗಂಟೆ ಮೊದಲೇ ಹೋಗಿ. ಟರ್ಮಿನಲ್ ವಿಮಾನ ನಿಲ್ದಾಣದಷ್ಟು ದೊಡ್ಡದು. ಪ್ಲಾಟ್‌ಫಾರ್ಮಿಗೆ ಮೊದಲೇ ಬಿಡುವುದಿಲ್ಲ, ಕರೆದಾಗ ಗೇಟಿನ ಸಾಲಿನಲ್ಲಿ ನಿಲ್ಲಬೇಕು. ಬೋಗಿಯ ಮೇಲಿನ ಫಲಕದಲ್ಲಿ "ಪಡಾಂಗ್ ಬೆಸಾರ್" ಇದೆಯಾ ನೋಡಿ. "ಸುಂಗೈ ಕೊಲೊಕ್" ಎಂದಿದ್ದರೆ ಹತ್ತಬೇಡಿ. ಅದೂ ದಕ್ಷಿಣಕ್ಕೇ ಹೋಗುತ್ತದೆ, ಆದರೆ ಹಾಟ್ ಯಾಯ್ ದಾಟಿದ ಮೇಲೆ ಯಾಲಾ, ನರಾಥಿವಾಟ್ ಕಡೆ ತಿರುಗುತ್ತದೆ. ಆ ಭಾಗದಲ್ಲಿ ವರ್ಷಗಳಿಂದ ಬಂಡುಕೋರರ ಹಿಂಸೆ ಇದೆ.

ರಾತ್ರಿ ಊಟ ಕಟ್ಟಿಸಿಕೊಂಡೇ ಹತ್ತಿ. ಥಾಯ್ ರೈಲುಗಳಲ್ಲಿ 2014ರಿಂದ ಮದ್ಯ ನಿಷೇಧ, ಬಾಟಲಿ ಒಯ್ದು ದಂಡ ಕಟ್ಟಬೇಡಿ.

ಹಂತ 6: ರೈಲಿನಲ್ಲಿ ಮಾತು ಶುರು ಮಾಡುವುದು

"ಹೋಗಿ ಬಂದೆ, ಆದ್ರೆ ಒಬ್ಬರ ಹತ್ತಿರವೂ ಮಾತಾಡೋಕೆ ಆಗಲಿಲ್ಲ" ಅನ್ನುವ ದೂರು ಜಾಸ್ತಿ. ಕಾರಣ ಭಾಷೆ ಅಲ್ಲ, ಹೊತ್ತು. ಹತ್ತಿದ ಮೇಲಿನ ಮೂರು ಗಂಟೆ ಮಾತ್ರ ಬೋಗಿಯವರು ಎದುರುಬದುರು ಕೂತಿರುತ್ತಾರೆ. ಏಳು ಗಂಟೆ ಹೊತ್ತಿಗೆ ಅಟೆಂಡರ್ ಬಂದು ಬರ್ತ್ ಹಾಸಲು ಶುರು ಮಾಡುತ್ತಾರೆ. ಅವರ ಕೈ ನೋಡುವುದೇ ಒಂದು ಚೆಂದ: ಎದುರುಬದುರು ಸೀಟು ಎಳೆದು ಒಂದು ಮಾಡಿ, ಮೇಲಿನ ಹಲಗೆ ಇಳಿಸಿ, ಹಾಸಿಗೆ ಬಿಚ್ಚಿ, ಬಿಳಿ ಬಟ್ಟೆ ಮಡಿಸಿ, ಪರದೆ ಸಿಕ್ಕಿಸಿ ಮುಂದಿನ ಸೀಟಿಗೆ. ಪರದೆ ಬಿದ್ದ ಮೇಲೆ ಯಾರೂ ಮಾತಿಗೆ ಸಿಗುವುದಿಲ್ಲ. ಆ ಮೂರು ಗಂಟೆ ಫೋನು ನೋಡುತ್ತಾ ಕೂತವರಿಗೆ ಅವಕಾಶ ಮುಗಿಯಿತು.

ಶುರು ಮಾಡುವುದು ಹೇಗೆ? ಕೈಮುಗಿಯಿರಿ. ಅವರೂ ಕೈಮುಗಿಯುತ್ತಾರೆ. "ಸವಾದ್ದಿ" ಅನ್ನಿ, ಅದು ನಮ್ಮ ಸ್ವಸ್ತಿ. ಗಂಡಸರು ಕೊನೆಗೆ "ಖ್ರಾಪ್" ಸೇರಿಸಬೇಕು, ಹೆಂಗಸರು "ಖಾ". ನಿಮಗಿಂತ ಸ್ವಲ್ಪ ದೊಡ್ಡವರನ್ನು "ಪೀ" ಎಂದು ಕರೆಯಿರಿ, ನಾವು ಅಕ್ಕ, ಅಣ್ಣ ಅಂದ ಹಾಗೆ.

ಆಮೇಲೆ ಕಿಟಕಿಯಾಚೆಯ ಫಲಕಗಳನ್ನು ಓದಿ. ಈ ದಾರಿಯಲ್ಲಿ ಕನ್ನಡದವರಿಗೆ ಸಿಗುವಷ್ಟು ಮೋಜು ಯುರೋಪಿನವರಿಗೆ ಸಿಗದು. ಮೊದಲು ಬರುವುದು ನಖೋನ್ ಪಾಥೊಮ್: ನಗರ, ಪ್ರಥಮ. ಆಮೇಲೆ ರಾಚಬುರಿ: ರಾಜಪುರಿ. ಆಮೇಲೆ ಫೆಚಬುರಿ: ವಜ್ರಪುರಿ. ನನ್ನ ಎದುರು ಕೂತ ಅಜ್ಜಿಗೆ ಇದನ್ನು ಅನುವಾದದ ಆ್ಯಪಿನಲ್ಲಿ ಬರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, ಪಕ್ಕದ ಸೀಟಿನವರನ್ನು ಕರೆದರು. ಅರ್ಧ ಗಂಟೆಯಲ್ಲಿ ನಾಲ್ಕು ಜನ ಸೇರಿ ನನಗೆ ಪದ ಹೇಳಿಕೊಡುತ್ತಿದ್ದರು. ಭಾಷೆಗೆ "ಫಾಸಾ", ಸ್ಟೇಷನ್ನಿಗೆ "ಸಥಾನಿ". ಅಜ್ಜಿಯ ರಂಬುಟಾನ್ ನನ್ನ ಕಡೆ ಬಂತು, ನನ್ನ ಕೋಡುಬಳೆ ಅವರ ಕಡೆ ಹೋಯಿತು. ಅವರು ಬೆರಳಿಗೆ ಸಿಕ್ಕಿಸಿಕೊಂಡು ನೋಡಿ ನಕ್ಕರು, ನಮ್ಮ ಮನೆ ಮಕ್ಕಳ ಹಾಗೇ.

ಸಸ್ಯಾಹಾರಿಗಳಿಗೆ ಕೆಲಸಕ್ಕೆ ಬರುವ ಪದವೂ ಇಲ್ಲೇ ಇದೆ: "ಮಂಗ್ಸವಿರತ್". ಬಾಯಲ್ಲಿ ಎರಡು ಸಲ ಹೇಳಿ ನೋಡಿ. ಮಾಂಸವಿರತಿ! ಮೊಟ್ಟೆಯೂ ಬೇಡ ಅಂದರೆ "ಜೇ" ಅನ್ನಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಗಳು ಜೇ ಊಟದವು, ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬರೀ "ಮಾಂಸ ಬೇಡ" ಅಂದರೆ ಮೀನಿನ ಸಾಸ್ ಬಂದೇ ಬರುತ್ತದೆ. "ಮೈ ಸೈ ನಾಮ್ ಪ್ಲಾ" ಎಂದು ಬಿಡಿಸಿ ಹೇಳಬೇಕು.

ಮಾಡಬಾರದ್ದು ಮೂರು. ಎದುರು ಸೀಟಿನ ಮೇಲೆ ಕಾಲು ಚಾಚಬೇಡಿ, ಪಾದ ತೋರಿಸುವುದು ಅವಮಾನ. ಭಿಕ್ಷುಗಳ ಪಕ್ಕ ಹೆಂಗಸರು ಕೂರುವುದಿಲ್ಲ, ಮುಟ್ಟುವುದಿಲ್ಲ. ರಾಜಮನೆತನದ ಮಾತು ತಮಾಷೆಗೂ ಎತ್ತಬೇಡಿ: ಅಲ್ಲಿನ ಕಾನೂನಿನ 112ನೇ ವಿಧಿಯಲ್ಲಿ 3ರಿಂದ 15 ವರ್ಷ ಜೈಲಿದೆ. ನೀವು ಸಲೀಸಾಗಿ ಆಡಿದ ಮಾತಿಗೆ ಉತ್ತರ ಕೊಟ್ಟವರೂ ಸಿಕ್ಕಿಬೀಳುತ್ತಾರೆ.

ಹಂತ 7: ಪಡಾಂಗ್ ಬೆಸಾರ್, ಒಂದು ಗಂಟೆಯ ಲೆಕ್ಕ

ಬೆಳಿಗ್ಗೆ ಹಾಟ್ ಯಾಯ್‌ನಲ್ಲಿ ಕೆಳಗಿಳಿದರೂ ಬೋಗಿ ಬಿಟ್ಟು ದೂರ ಹೋಗಬೇಡಿ. ಕರಿದ ಕೋಳಿ, ಅಂಟು ಅನ್ನ ಮಾರುವವರು ತಾವೇ ಬರುತ್ತಾರೆ.

ಎಚ್ಚರ: ಪಡಾಂಗ್ ಬೆಸಾರ್ ಹೆಸರಿನ ಸ್ಟೇಷನ್ ಎರಡಿವೆ. ಮೊದಲು ಬರುವುದು ಥಾಯ್ ಬದಿಯ ಸಣ್ಣದು. ಅಲ್ಲಿ ಇಳಿಯಬೇಡಿ. ಎರಡೂ ದೇಶದ ತಪಾಸಣೆ ನಡೆಯುವುದು ಮಲೇಷ್ಯಾ ಬದಿಯ ದೊಡ್ಡ ಸ್ಟೇಷನ್ನಿನಲ್ಲಿ, ಒಂದೇ ಕಟ್ಟಡದೊಳಗೆ. ಸಾಮಾನೆಲ್ಲ ಇಳಿಸಿಕೊಂಡು ಮೊದಲು ಥಾಯ್ ಕೌಂಟರ್, ಆಮೇಲೆ ಮಲೇಷ್ಯಾ ಕೌಂಟರ್, ಕೊನೆಗೆ ಚೀಲದ ತಪಾಸಣೆ. ಥಾಯ್ ನಿರ್ಗಮನದ ಸೀಲು ಬಿತ್ತಾ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.

ಈಗ ಗಡಿಯಾರ. ಮಲೇಷ್ಯಾ ಥಾಯ್ಲೆಂಡಿಗಿಂತ ಒಂದು ಗಂಟೆ ಮುಂದೆ. ಥಾಯ್ ಟಿಕೆಟಿನಲ್ಲಿ ಎಂಟು ಎಂದಿದ್ದರೆ ನೀವು ಇಳಿಯುವಾಗ ಪ್ಲಾಟ್‌ಫಾರ್ಮಿನ ಗಡಿಯಾರದಲ್ಲಿ ಒಂಬತ್ತು. "ಎಂಟಕ್ಕೆ ಬರ್ತೀನಿ, ಒಂಬತ್ತೂವರೆ ಇಟಿಎಸ್ ಆರಾಮಾಗಿ ಸಿಗುತ್ತೆ" ಎಂದು ಮುಂಗಡ ಟಿಕೆಟ್ ತೆಗೆದವರು ಕೈ ಸುಟ್ಟುಕೊಂಡಿದ್ದಾರೆ. ರೈಲು 45 ಒಂದೆರಡು ಗಂಟೆ ತಡವಾಗುವುದೂ ಮಾಮೂಲು. ಅಂದು ಇಟಿಎಸ್ ಹತ್ತಲೇಬೇಕೆಂದರೆ ಮಧ್ಯಾಹ್ನ ದಾಟಿದ್ದನ್ನು ತೆಗೆಯಿರಿ.

ನನ್ನ ಕೇಳಿದರೆ ಅಂದು ಇಟಿಎಸ್ ಬೇಡವೇ ಬೇಡ. ಕೊಮ್ಯೂಟರ್ ರೈಲು ಹತ್ತಿ ಪೆನಾಂಗ್ ದ್ವೀಪದ ಎದುರು ದಡದ ಬಟರ್‌ವರ್ತ್‌ಗೆ ಹೋಗಿ. ಇದಕ್ಕೆ ಮುಂಗಡ ಬೇಕಿಲ್ಲ, ಒಂದು ತಪ್ಪಿದರೆ ಇನ್ನೊಂದು ಬರುತ್ತದೆ, ಎರಡು ಗಂಟೆಯ ದಾರಿ, 11–12 ರಿಂಗಿಟ್. ಇಟಿಎಸ್‌ನಲ್ಲಿ ಎಲ್ಲರೂ ವಿಮಾನದಲ್ಲಿ ಕೂತ ಹಾಗೆ ಗಪ್‌ಚುಪ್. ಕೊಮ್ಯೂಟರ್‌ನಲ್ಲಿ ಕಾಲೇಜು ಹುಡುಗರು, ಗಡಿಯಿಂದ ಸಾಮಾನು ಹೊತ್ತು ಬರುವ ಹೆಂಗಸರು, ಮೊಮ್ಮಕ್ಕಳನ್ನು ನೋಡಲು ಹೊರಟ ಅಜ್ಜಂದಿರು. ಮಲಯ್ ಹೆಂಗಸರಿಗೆ ಕೈ ಚಾಚಬೇಡಿ, ನಿಮ್ಮ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರೆ ಸಾಕು. ಅಕ್ಕನ ವಯಸ್ಸಿನವರು "ಕಾಕಾಕ್", ಅಣ್ಣನ ವಯಸ್ಸಿನವರು "ಅಬಾಂಗ್". ರಂಜಾನ್ ತಿಂಗಳಾದರೆ ಅವರೆದುರು ಡಬ್ಬ ತೆರೆಯಬೇಡಿ.

ಹಂತ 8: ಪೆನಾಂಗ್‌ನಲ್ಲಿ ಎರಡು ರಾತ್ರಿ ತಡೆಯಿರಿ

ಬಟರ್‌ವರ್ತ್ ಸ್ಟೇಷನ್ನಿನಿಂದ ನಡೆದೇ ಫೆರ್ರಿ ಕಟ್ಟೆಗೆ ಹೋಗಬಹುದು. ಎರಡು ರಿಂಗಿಟ್ ಕೊಟ್ಟರೆ ಪೆನಾಂಗ್ ದ್ವೀಪದ ಜಾರ್ಜ್ ಟೌನ್. ಕಾರ್ಡು ಇಟ್ಟುಕೊಳ್ಳಿ, ನಗದು ನಡೆಯುವುದಿಲ್ಲ.

ಈ ಎರಡು ರಾತ್ರಿ ಸುಮ್ನೆ ಸೇರಿಸಿದ್ದಲ್ಲ. ಹಿಂದಿನ ರೈಲು ಎಷ್ಟೇ ತಡವಾದರೂ ಮುಂದಿನ ಟಿಕೆಟ್ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಾತಿಗೆ ಸಿಗುವವರು ಇಲ್ಲಿ ಜಾಸ್ತಿ. ಲಿಟ್ಲ್ ಇಂಡಿಯಾದ ಸುತ್ತಮುತ್ತ ತಮಿಳು ನಡೆಯುತ್ತದೆ. ಬೆಂಗಳೂರಿನಲ್ಲಿ ಕಲಿತ ಹರಕು ಮುರುಕು ತಮಿಳು ಸಾಕು. "ಅಣ್ಣೇ, ಒರು ತೆ ತಾರಿಕ್" ಅಂದರೆ ಎತ್ತರದಿಂದ ಎಳೆದು ನೊರೆ ಬರಿಸಿದ ಚಹಾ ಬರುತ್ತದೆ, ಹಿಂದೆಯೇ "ಎಂದ ಊರು?" ಎಂಬ ಪ್ರಶ್ನೆಯೂ. ರೋಟಿ ಚಾನಾಯ್ ಅಂದರೆ ನಮ್ಮ ಪರೋಟವೇ. ಜೊತೆಗೆ ಬರುವ ಸಾರಿನಲ್ಲಿ ಮೀನು, ಮಾಂಸ ಇದೆಯಾ ಎಂದು ಕೇಳಿಕೊಳ್ಳಿ. ಬೆಳಿಗ್ಗೆ ಒಂದೇ ಅಂಗಡಿಗೆ ಎರಡು ದಿನ ಹೋಗಿ. ಎರಡನೇ ದಿನ ಅವರೇ ಮಾತಾಡಿಸುತ್ತಾರೆ.

ಹಂತ 9: ಇಟಿಎಸ್, ಮತ್ತು ಹಳೆಯ ಸಲಹೆಗಳು

ಬಟರ್‌ವರ್ತ್–ಕ್ವಾಲಾಲಂಪುರ ನಾಲ್ಕು ಗಂಟೆ ಚಿಲ್ಲರೆ. ಮಲೇಷ್ಯಾ ರೈಲ್ವೆಯ ಕೆಟಿಎಂಬಿ ಆ್ಯಪಿನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿ ತೆಗೆಯಿರಿ. ಶುಕ್ರವಾರ ಸಂಜೆ, ಭಾನುವಾರ, ಶಾಲೆಯ ರಜೆ, ಹರಿ ರಾಯ (ಈದ್) ಹಬ್ಬ, ಈ ದಿನಗಳಲ್ಲಿ ವಾರಗಳ ಮೊದಲೇ ಟಿಕೆಟ್ ಖಾಲಿ.

ಕ್ವಾಲಾಲಂಪುರದಿಂದ ದಕ್ಷಿಣಕ್ಕೆ ಹೋಗುವಾಗ ಹಳೆಯ ಬರಹಗಳನ್ನು ನಂಬಬೇಡಿ. ಅವು ಗೆಮಾಸ್‌ನಲ್ಲಿ ಇಳಿದು ಡೀಸೆಲ್ ರೈಲು ಹಿಡಿಯಿರಿ ಅನ್ನುತ್ತವೆ. ಡಿಸೆಂಬರ್ 2025ರಲ್ಲಿ ಇಟಿಎಸ್ ನೇರ ಜೋಹೋರ್ ಬಾರುವರೆಗೆ ಬಂದಿದೆ. ಆ್ಯಪಿನಲ್ಲಿ "ಕೆಎಲ್ ಸೆಂಟ್ರಲ್"ನಿಂದ "ಜೆಬಿ ಸೆಂಟ್ರಲ್" ಎಂದು ಹಾಕಿ ನೋಡಿ.

ಹಂತ 10: ಕೊನೆಯ ಐದು ನಿಮಿಷ

ಜೋಹೋರ್ ಬಾರುವಿನಿಂದ ಸಿಂಗಾಪುರದ ವುಡ್‌ಲ್ಯಾಂಡ್ಸ್‌ಗೆ ಶಟಲ್ ತೆಬ್ರಾವ್ ರೈಲು ಸೇತುವೆ ದಾಟುವುದು ಐದೇ ನಿಮಿಷ, ಐದು ರಿಂಗಿಟ್. ಅದಕ್ಕೇ ಜನ ಇದನ್ನು ಕೊನೆಗೆ ನೋಡಿಕೊಂಡರಾಯಿತು ಅಂದುಕೊಳ್ಳುತ್ತಾರೆ. ದಿನಾ ಕೆಲಸಕ್ಕೆ ಹೋಗುವವರ ಜೊತೆ ನೀವು ಪೈಪೋಟಿ ಮಾಡಬೇಕು. ಇಟಿಎಸ್ ಟಿಕೆಟ್ ತೆಗೆದ ದಿನವೇ ಇದನ್ನೂ ತೆಗೆಯಿರಿ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಿ. ರೈಲು ಹತ್ತುವ ಮೊದಲೇ ಮಲೇಷ್ಯಾದಿಂದ ನಿರ್ಗಮನ, ಇಳಿದ ಮೇಲೆ ಸಿಂಗಾಪುರದ ತಪಾಸಣೆ. ರೈಲು ಹೊರಡುವ ಮೊದಲೇ ಗೇಟು ಮುಚ್ಚುತ್ತದೆ, ಓಡಿ ಬಂದರೂ ಬಿಡುವುದಿಲ್ಲ.

ಈ ಸೇತುವೆಯ ಪಕ್ಕದಲ್ಲೇ ಆರ್‌ಟಿಎಸ್ ಎಂಬ ಹೊಸ ಗಡಿ ಮೆಟ್ರೋ ಕಟ್ಟಿದ್ದಾರೆ. ಅದು ಓಡಲು ಶುರುವಾದ ಮೇಲೆ ತೆಬ್ರಾವ್ ನಿಲ್ಲಿಸುವ ಯೋಜನೆ ಇದೆ. ಟಿಕೆಟ್ ತೆಗೆಯುವ ಮೊದಲು ಯಾವುದು ಓಡುತ್ತಿದೆ ನೋಡಿ.

ಟಿಕೆಟ್ ಸಿಗದಿದ್ದರೆ ಬಸ್ಸಿದೆ. ಜೆಬಿ ಸೆಂಟ್ರಲ್‌ನಿಂದ ಮೇಲ್ಸೇತುವೆಯಲ್ಲಿ ನಡೆದು ತಪಾಸಣೆ ಕಟ್ಟಡಕ್ಕೆ ಹೋಗಿ, ಕೆಳಗಿಳಿದು 170ನೇ ನಂಬರ್ ಬಸ್ಸು ಹಿಡಿಯಿರಿ. ಸಿಂಗಾಪುರದ ತಪಾಸಣೆಯಲ್ಲಿ ಚೀಲದ ಸಮೇತ ಇಳಿಯಬೇಕು, ಬಸ್ಸು ನಿಮಗಾಗಿ ಕಾಯುವುದಿಲ್ಲ. ಅದೇ ನಂಬರಿನ ಮುಂದಿನ ಬಸ್ಸು ಹತ್ತಿದರಾಯಿತು. ಶುಕ್ರವಾರ ಸಂಜೆ ಮತ್ತು ಭಾನುವಾರ ರಾತ್ರಿ ಈ ದಾರಿ ಬೇಡ.

ವುಡ್‌ಲ್ಯಾಂಡ್ಸ್‌ನಲ್ಲಿ ಹೊರಬಂದ ಜಾಗಕ್ಕೆ ಮೆಟ್ರೋ ಅಂಟಿಕೊಂಡಿಲ್ಲ. ಎದುರಿನ ನಿಲ್ದಾಣದಿಂದ ಸಿಟಿ ಬಸ್ಸು ಹಿಡಿದು ಮೆಟ್ರೋಗೆ ಹೋಗಬೇಕು. ಬಸ್ಸು, ಮೆಟ್ರೋ ಎರಡಕ್ಕೂ ನಿಮ್ಮ ಬ್ಯಾಂಕಿನ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ತಟ್ಟಿದರೆ ನಡೆಯುತ್ತದೆ. ಇಳಿಯುವಾಗಲೂ ತಟ್ಟಲು ಮರೆಯಬೇಡಿ, ಮರೆತರೆ ಪೂರಾ ದಾರಿಯ ದುಡ್ಡು ಹೋಗುತ್ತದೆ.

ಯಾವಾಗ ಹೊರಡಬಾರದು

ನವೆಂಬರ್, ಡಿಸೆಂಬರ್‌ನಲ್ಲಿ ದಕ್ಷಿಣ ಥಾಯ್ಲೆಂಡಿಗೆ ಈಶಾನ್ಯ ಮಾನ್ಸೂನ್ ಹೊಡೆಯುತ್ತದೆ. ನವೆಂಬರ್ 2025ರಲ್ಲಿ ಹಾಟ್ ಯಾಯ್ ಊರಿಗೆ ಊರೇ ಮುಳುಗಿತ್ತು, ರೈಲುಗಳೂ ನಿಂತವು. ಈ ತಿಂಗಳುಗಳಲ್ಲೇ ಹೋಗಬೇಕಾದರೆ ಹೊರಡುವ ಹಿಂದಿನ ದಿನ ಸ್ಟೇಷನ್ನಿಗೇ ಹೋಗಿ ಕೇಳಿ. ಕೌಂಟರಿನವರು "ಹಾಟ್ ಯಾಯ್‌ವರೆಗೆ ಮಾತ್ರ" ಎಂದರೆ ಅಲ್ಲಿಂದ ಗಡಿಗೆ ವ್ಯಾನು ಸಿಗುತ್ತದೆ. "ಸೂರತ್ ಥಾನಿವರೆಗೆ ಮಾತ್ರ" ಎಂದರೆ ಟಿಕೆಟ್ ವಾಪಸು ಕೊಟ್ಟು ಪೆನಾಂಗ್‌ಗೆ ವಿಮಾನ ಹಿಡಿಯಿರಿ, ಹಂತ 8ರಿಂದ ಮುಂದುವರಿಸಿ.